ಇಪ್ಪತ್ತಮೂರು ಮನೆಗಳ ಮೇಸ್ತ್ರಿ

ಎಬನ್ ಲೌನಿಯಂಥ ಮೇಸ್ತ್ರಿ ಟರ್ರಿ ಕಣಿವೆಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಈ ಮಾತನ್ನು ಮೊದಲು ಹೇಳಿದವನು ಎಬನ್ನೇ. ಮೂವತ್ತು ವರ್ಷ ಅವನ ಬಾಯಿಂದ ಅದನ್ನೇ ಕೇಳಿ ಕೇಳಿ ಕಣಿವೆಯವರೂ ಒಪ್ಪಿಕೊಂಡುಬಿಟ್ಟಿದ್ದರು. ಒಪ್ಪದೆ ಇರುವುದಕ್ಕೆ ಕಾರಣವೂ ಇರಲಿಲ್ಲ ಅನ್ನಿ. ಡ್ರಮ್‌ಕೆರನ್ ಎಸ್ಟೇಟಿನ ಒಕ್ಕಲು ಮನೆ, ಕುರಿದೊಡ್ಡಿ, ಸೇತುವೆ, ಚರ್ಚಿನ ಹಿಂದಿನ ಸಮಾಧಿಗಳ ಸುತ್ತಿನ ಗೋಡೆ, ಎಲ್ಲಿ ಒಂದು ಕಲ್ಲು ಅಲುಗಾಡಿದರೂ ಕರೆ ಹೋಗುತ್ತಿದ್ದುದು ಅವನಿಗೇ. ಆಳು ಕುಳ್ಳ, ಭುಜ ಬಾಗಿಲಗಲ. ಕಲ್ಲೊಂದನ್ನು ಒಮ್ಮೆ ಕೈಯಲ್ಲಿ ತಿರುಗಿಸಿದನೆಂದರೆ ಅದು ಗೋಡೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿದುಬಿಡುತ್ತಿತ್ತು. ಎರಡನೆಯ ಸಲ ತಿರುಗಿಸಿದ್ದನ್ನು ನೋಡಿದವರಿಲ್ಲ.

ಆದರೂ ಅವನ ಹೆಸರು ಇಷ್ಟು ದೊಡ್ಡದಾದದ್ದು ಕಲ್ಲಿನಿಂದಲ್ಲ, ಸಿಮೆಂಟಿನಿಂದ. 1958ರಲ್ಲಿ ಎಸ್ಟೇಟಿನ ಕಚೇರಿಯಿಂದ ಅಪ್ಪಣೆ ಬಂತು: ಹಳೆಯ ಮನೆಗಳು ಮಂಕು ಹಿಡಿದು ಕೂತಿವೆ, ಎಲ್ಲಕ್ಕೂ ಹೊರಗಿನಿಂದ ಸಿಮೆಂಟು ಹೊದಿಸಬೇಕು. ಎಬನ್ ಮೂರು ಬೇಸಿಗೆಯಲ್ಲಿ ಇಪ್ಪತ್ತಮೂರು ಮನೆ ಮುಗಿಸಿದ. ಚಿಕ್ಕ ಕರಣೆಯಲ್ಲಿ ಗಾರೆ ಎತ್ತಿ, ಮಣಿಕಟ್ಟು ತಿರುಗಿಸಿ ಅವನು ಗೋಡೆಗೆ ಎರಚುವುದನ್ನು ನೋಡಲು ಜನ ಕೆಲಸ ಬಿಟ್ಟು ನಿಲ್ಲುತ್ತಿದ್ದರಂತೆ. ಒಂದು ಹನಿ ನೆಲಕ್ಕೆ ಬೀಳುತ್ತಿರಲಿಲ್ಲ.

ಅಲ್ಲಿಯವರೆಗೆ ನಮ್ಮ ಕಣಿವೆಯಲ್ಲಿ ಒಂದು ಕ್ರಮವಿತ್ತು. ಮೇ ತಿಂಗಳು ಹುಟ್ಟಿ ನಾಲ್ಕು ದಿನ ಬಿಸಿಲು ಕಂಡಿತೆಂದರೆ ಹೆಂಗಸರು ತಲೆಗೆ ಬಟ್ಟೆ ಬಿಗಿದು, ಸುಣ್ಣ ಕದಡಿ, ಮನೆಯ ಹೊರಗೋಡೆಗೆಲ್ಲ ಬಳಿಯಬೇಕು. ಕಣ್ಣು ಉರಿ, ಅಂಗೈ ಬಿರುಕು, ಸೊಂಟ ನೋವು. ಎಬನ್ ಒಂದೊಂದು ಮನೆಯ ಮುಂದೆಯೂ ನಿಂತು ಸಾರಿದ:

"ಆ ಸುಣ್ಣದ ಬ್ರಷ್ ಒಲೆಗೆ ಹಾಕ್ರಮ್ಮಾ! ಇನ್ನು ನಿಮ್ಮ ಜನ್ಮದಲ್ಲಿ ಗೋಡೆ ಮುಟ್ಟೋ ಕೆಲಸ ಇಲ್ಲ."

ಹೆಂಗಸರು ಅವನನ್ನು ಹರಸಿದರು. ಬರ್ನ್‌ಹೆಡ್ ಮನೆಯ ಮುದುಕಿ ಮಾಲಿಸನ್ ಒಬ್ಬಳು ಮಾತ್ರ ಹೊಸ್ತಿಲಲ್ಲಿ ಕೂತು ಮೂಗು ಮುರಿದಳು.

"ವರ್ಷಕ್ಕೊಂದ್ಸಲ ಕುಡಿದು ಅಭ್ಯಾಸ ಆಗಿರೋ ಗೋಡೆ ಕಣೋ ಇದು. ಅದರ ಬಾಯಿಗೆ ಕಲ್ಲು ತುರುಕಿದ್ರೆ ಏನು ಮಾಡತ್ತೆ?"

"ಏನು ಮಾಡತ್ತೆ ಅಜ್ಜಿ, ಸುಮ್ಮನಿರತ್ತೆ. ನಿಮ್ಮ ಬಾಯಿಗೂ ಒಂದು ಕರಣೆ ಎರಚಲಾ?"

ಎಲ್ಲರೂ ನಕ್ಕರು. ಮುದುಕಿಯೂ ನಕ್ಕಳು. ಮುಂದಿನ ಚಳಿಗಾಲ ಅವಳು ತೀರಿಕೊಂಡಳು. ಸಿಮೆಂಟು ಹೊದಿಸಿದ ಬೇಸಿಗೆಯಲ್ಲೇ ಅವಳ ಮಗ ಗಿಬ್‌ನನ್ನು ಮದುವೆಯಾಗಿ ಎಲ್ಸ್ಪೆತ್ ಆ ಮನೆಗೆ ಬಂದಿದ್ದಳು. ಹೊಸ ಹುಡುಗಿ, ತವರು ದೂರ. ಎಬನ್‌ಗೆ ಅವಳನ್ನು ಕಂಡರೆ ಮರುಕ. ಉಳಿದವರಿಗೆಲ್ಲ ಒಂದು ಕೈ ಹೊದಿಸಿದವನು ಬರ್ನ್‌ಹೆಡ್ಡಿಗೆ ಎರಡು ಕೈ ಹೊದಿಸಿ, "ಇದು ನನ್ನ ಮದುವೆ ಉಡುಗೊರೆ ಹುಡುಗಿ" ಅಂದ.

ಬರ್ನ್‌ಹೆಡ್ ಎಂದರೆ ಅರಮನೆಯೇನಲ್ಲ. ಗುಡ್ಡದ ಬುಡದಲ್ಲಿ ಬೆನ್ನು ಬಾಗಿಸಿ ಕೂತ ಉದ್ದನೆಯ ಗಿಡ್ಡ ಮನೆ. ನಡುವೆ ಒಂದು ಬಾಗಿಲು. ಎಡಕ್ಕೆ ಮನುಷ್ಯರು, ಬಲಕ್ಕೆ ದನ. ಹುಲ್ಲಿನ ಮಾಡಿನ ಮೇಲೆ ಯಾವಾಗಲೋ ತಗಡು ಹೊದಿಸಿದ್ದರು. ಯಾರು ಕಟ್ಟಿದರು, ಯಾವಾಗ ಕಟ್ಟಿದರು ಎಂದು ಕೇಳಿದರೆ ಕಣಿವೆಯವರು, "ಅದು ಇತ್ತು" ಎನ್ನುತ್ತಿದ್ದರು. ಇನ್ನೂರು ವರ್ಷವೋ ಮುನ್ನೂರೋ, ಲೆಕ್ಕ ಇಟ್ಟವರಿಲ್ಲ.

ಹದಿನಾರು ವರ್ಷ ಕಳೆಯಿತು. ಎಬನ್‌ನ ಹೆಂಡತಿ ತೀರಿಕೊಂಡಳು, ಅವನೂ ಕೆಲಸದಿಂದ ನಿವೃತ್ತನಾದ. ಗಿಬ್ ಮಾಲಿಸನ್ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿ ಸತ್ತ. ಎಲ್ಸ್ಪೆತ್ ಎಸ್ಟೇಟಿನ ದೊಡ್ಡ ಬಂಗಲೆಯಲ್ಲಿ ಬಟ್ಟೆ ಒಗೆದು, ಕೋಳಿ ಸಾಕಿ, ಅದೇ ಮನೆಯಲ್ಲಿ ಒಬ್ಬಳೇ ಉಳಿದಿದ್ದಳು. 1974ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಎಸ್ಟೇಟಿನ ಮ್ಯಾನೇಜರ್ ಕ್ರೈಟನ್ ಎಬನ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಬರ್ನ್‌ಹೆಡ್ಡಿಗೆ ಹೊರಟ. ಒಂಟಿ ವಿಧವೆಯರ ಮನೆ ತಪಾಸಣೆಗೆಂದು ಜಿಲ್ಲೆಯ ಆರೋಗ್ಯ ಇನ್ಸ್‌ಪೆಕ್ಟರು ಆಗಲೇ ಅಲ್ಲಿ ನಿಂತಿದ್ದರು.

ಒಳಗೆ ಕಾಲಿಟ್ಟ ಕೂಡಲೇ ಎಬನ್‌ನ ಮೂಗಿಗೆ ಬಡಿದದ್ದು ಹಸಿ ಬೂಷ್ಟಿನ ವಾಸನೆ. ಮಲಗುವ ಕೋಣೆಯ ಗೋಡೆಕಾಗದ ಮೊಣಕಾಲೆತ್ತರಕ್ಕೆ ಉಬ್ಬಿ ಕಪ್ಪಾಗಿತ್ತು. ಇನ್ಸ್‌ಪೆಕ್ಟರು ಪೆನ್ಸಿಲ್ಲಿನಿಂದ ಒತ್ತಿದರೆ ಅದು ಒಳಗಿನ ಹಲಗೆಯನ್ನೂ ದಾಟಿ ಮೆತ್ತಗೆ ಹೋಯಿತು. ಎಲ್ಸ್ಪೆತ್ ಒಲೆಯ ಪಕ್ಕ ಕೈಕಟ್ಟಿ, ನೆಲ ನೋಡುತ್ತ ನಿಂತಿದ್ದಳು. ಕುಡಿಯಲು ಏನಾದರೂ ಬೇಕೇ ಎಂದೂ ಕೇಳಲಿಲ್ಲ.

ಎಬನ್ ಒಬ್ಬನೇ ಬಲಗಡೆಯ ಕೊಟ್ಟಿಗೆಗೆ ಹೋಗಿ ನೋಡಿದ. ಅಲ್ಲಿ ದನ ಕಟ್ಟಿ ಇಪ್ಪತ್ತು ವರ್ಷವಾಗಿತ್ತು. ಕೊಟ್ಟಿಗೆಗೆಲ್ಲ ಯಾಕೆ ಖರ್ಚು ಎಂದು ಕಚೇರಿಯವರು ಆ ಭಾಗಕ್ಕೆ ಸಿಮೆಂಟು ಮಂಜೂರು ಮಾಡಿರಲಿಲ್ಲ. ಅವನು ಗೋಡೆಗೆ ಅಂಗೈ ಇಟ್ಟ. ಒಣಗಿ ಬೆಚ್ಚಗಿತ್ತು. ಮನುಷ್ಯರು ಮಲಗುವ ಕಡೆ ಒದ್ದೆ, ದನ ಕಟ್ಟುವ ಕಡೆ ಒಣ. ಎರಡನ್ನೂ ಕಟ್ಟಿದ್ದು ಒಂದೇ ಕೈ, ಒಂದೇ ಕಲ್ಲು, ಒಂದೇ ಜೇಡಿಮಣ್ಣು. ನಡುವೆ ಬದಲಾದದ್ದು ಒಂದೇ ಒಂದು. ಎಬನ್ ಅಂಗೈಯನ್ನು ಹಿಂತೆಗೆದುಕೊಂಡ.

ಅಂಗಳಕ್ಕೆ ಬಂದಾಗ ಕ್ರೈಟನ್ ಕೇಳಿದ: "ನೀವೇ ಹೇಳಿ ಲೌನಿ, ನಿಮ್ಮ ಮಾತೇ ಕೊನೇದು. ಇದು ಉಳಿಯೋ ಗೋಡೆನಾ?"

ಇನ್ಸ್‌ಪೆಕ್ಟರು ಪುಸ್ತಕ ತೆರೆದು ಕಾದಿದ್ದರು. ಎಲ್ಸ್ಪೆತ್ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದು ನಾಲಗೆಯ ತುದಿಯವರೆಗೆ ಬಂದಿತ್ತು.

"ಹಳೇ ಗೋಡೆ ಸಾರ್," ಅಂದ ಎಬನ್. "ಮುಗೀತು ಅದರ ಕಾಲ."

ಎಲ್ಸ್ಪೆತ್ ತಲೆಯಾಡಿಸಿದಳು. ಎಬನ್ ಮೇಸ್ತ್ರಿ ಹೇಳಿದ ಮೇಲೆ ಮತ್ತೇನು? ಒಕ್ಕಲು ಬಿಡುವ ದಿನವಾದ ನವೆಂಬರಿನ ಮಾರ್ಟಿನ್ ಹಬ್ಬದ ಗಡುವಿಗೆ ಮನೆ ಖಾಲಿ ಮಾಡಬೇಕು, ಅವಳಿಗೆ ಪಟ್ಟಣದಲ್ಲಿ ಮೂರನೆಯ ಮಹಡಿಯ ಮೇಲೊಂದು ಕೋಣೆ, ಬರ್ನ್‌ಹೆಡ್ಡನ್ನು ಕೆಡವುವುದು ಎಂದು ತೀರ್ಮಾನವಾಯಿತು. ಕೋಳಿಗಳ ಮಾತು ಯಾರೂ ಎತ್ತಲಿಲ್ಲ.

ಮೂರು ದಿನ ಎಬನ್‌ಗೆ ಊಟ ರುಚಿಸಲಿಲ್ಲ. ಓಟ್ಸ್ ಗಂಜಿ ತಟ್ಟೆಯಲ್ಲೇ ಆರಿ ಗಟ್ಟಿಯಾಗುವುದನ್ನು ನೋಡುತ್ತ ಕೂರುತ್ತಿದ್ದ. ಸುಳ್ಳು ಹೇಳಿದ್ದಕ್ಕಿಂತ, ಅದು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಅವನನ್ನು ತಿನ್ನುತ್ತಿತ್ತು. ನಾಲ್ಕನೆಯ ದಿನ ಸುತ್ತಿಗೆ, ಉಳಿ ಚೀಲಕ್ಕೆ ಹಾಕಿಕೊಂಡು ಬರ್ನ್‌ಹೆಡ್ಡಿಗೆ ನಡೆದ.

"ಗಡುವು ನವೆಂಬರ್‌ಗಲ್ವಾ ಮೇಸ್ತ್ರಿ?" ಅಂದಳು ಎಲ್ಸ್ಪೆತ್. ಕೋಳಿಗೆ ಕಾಳು ಹಾಕುತ್ತಿದ್ದಳು. "ಈಗಲೇ ಕೆಡವಕ್ಕೆ ಬಂದ್ರಾ?"

"ನೋಡಕ್ಕೆ ಬಂದೆ."

ಅವನು ಪಡುವಣ ಮೂಲೆಯಲ್ಲಿ ಮಂಡಿಯೂರಿ ಸಿಮೆಂಟನ್ನು ಸುತ್ತಿಗೆಯಿಂದ ತಟ್ಟಿದ. ಟೊಳ್ಳು ಸದ್ದು. ಉಳಿ ಇಟ್ಟು ಒಂದೇಟು ಹೊಡೆದ. ತಟ್ಟೆಯಗಲದ ಚಕ್ಕೆಯೊಂದು ಎದ್ದು ಬಂತು. ಅದರ ಹಿಂದಿನಿಂದ ನೀರು ಇಳಿಯಿತು. ಜಿನುಗಿದ್ದಲ್ಲ, ಇಳಿದದ್ದು. ಅವನ ಮಂಡಿ ನೆನೆಯುವಷ್ಟು. ಸಿಮೆಂಟಿನ ಕೂದಲೆಳೆ ಬಿರುಕುಗಳಲ್ಲಿ ಒಳಗೆ ಹೋದ ಮಳೆ, ಹೊರಗೆ ಬರಲು ದಾರಿಯಿಲ್ಲದೆ ಹದಿನಾರು ವರ್ಷದಿಂದ ಆ ಗೋಡೆಯೊಳಗೇ ಕೂತಿತ್ತು. ಮಣ್ಣಿನ ಗೋಡೆ ನೆನೆಯುತ್ತದೆ, ಗಾಳಿಗೆ ಒಣಗುತ್ತದೆ, ಮತ್ತೆ ನೆನೆಯುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟು ಬರುತ್ತದೆ. ಇಷ್ಟೇ ವಿಷಯ. ಅವನ ಅಪ್ಪನಿಗೆ ಗೊತ್ತಿತ್ತು, ಮುದುಕಿ ಮಾಲಿಸನ್‌ಗೆ ಗೊತ್ತಿತ್ತು.

ಎಲ್ಸ್ಪೆತ್ ಹಿಂದೆ ಬಂದು ನಿಂತಿದ್ದಳು. ಎಬನ್ ತಿರುಗಲಿಲ್ಲ. ಗೋಡೆಗೇ ಹೇಳುವವನಂತೆ ಹೇಳಿದ:

"ಗೋಡೆ ಕೆಟ್ಟಿಲ್ಲ ಹುಡುಗಿ. ನಾನು ಕೆಡಿಸಿದೆ. ಎಲ್ಲರ ಮನೆಗಿಂತ ನಿನ್ನ ಮನೆಗೇ ಜಾಸ್ತಿ ಬಳಿದೆ."

ಬೈಯುತ್ತಾಳೆಂದು ಅವನು ಕಾದ. ಆದರೆ ಅವಳು ಹೇಳಿದ್ದೇ ಬೇರೆ.

"ವಾರಕ್ಕೆ ಎರಡು ಸಲ ವಿನೆಗರ್ ಹಾಕಿ ಉಜ್ಜಿದೀನಿ ಮೇಸ್ತ್ರಿ. ಹದಿನಾಲ್ಕು ವರ್ಷ. ನಮ್ಮತ್ತೆ ಕೈಯಲ್ಲಿದ್ದಾಗ ಕನ್ನಡಿ ಹಾಗಿದ್ದ ಮನೆ, ನನ್ನ ಕೈಗೆ ಬಂದ ಎರಡೇ ವರ್ಷಕ್ಕೆ ಹೀಗಾಯ್ತಲ್ಲ ಅಂತ ಯಾರನ್ನೂ ಒಳಗೆ ಕರೀಲಿಲ್ಲ. ನನ್ನ ತಂಗೀನೂ ಕರೀಲಿಲ್ಲ. ಗಿಬ್ ಒಂದ್ಸಲ ಅಂದ, 'ಅಮ್ಮ ಇದ್ದಾಗ ಈ ವಾಸನೆ ಇರ್ಲಿಲ್ಲ' ಅಂತ. ಒಂದೇ ಸಲ ಅಂದಿದ್ದು. ಪಾಪ, ಹೆಂಡತಿಗೆ ಮನೆ ನೋಡ್ಕೊಳ್ಳಕ್ಕೆ ಬರಲ್ಲ ಅಂತ ಅಂದ್ಕೊಂಡೇ ಹೋಗಿಬಿಟ್ಟ."

ಎಬನ್ ಉಳಿ ಕೆಳಗಿಟ್ಟು ಅವಳ ಕಡೆ ತಿರುಗಿದ.

"ಮೊನ್ನೆ ಅವರ ಮುಂದೆ ಹೇಳಿದ್ರಲ್ಲ, ಆಗ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಹಾಗಾದ್ರೆ ಕಿತ್ತು ಹಾಕಿ. ಪೂರ್ತಿ ಕಿತ್ತು ಹಾಕಿ."

"ಗೋಡೆ ನಿಲ್ಲತ್ತೆ ಅಂತ ಹೇಳಕ್ಕಾಗಲ್ಲಮ್ಮ."

"ಬಿದ್ರೂ ನನ್ನ ಕಣ್ಣ ಮುಂದೆ ಬೀಳ್ಲಿ. ನಾನು ಪಟ್ಟಣಕ್ಕೆ ಹೋಗೋದಾದ್ರೆ ತಲೆ ಎತ್ಕೊಂಡು ಹೋಗ್ತೀನಿ."

ಎಬನ್ ಕಚೇರಿಗೆ ಹೋಗಿ, ಗಡುವಿನವರೆಗೆ ಬರ್ನ್‌ಹೆಡ್ಡಿನ ಗೋಡೆಯ ಮೇಲೆ ಕೈ ಆಡಿಸಲು ಅನುಮತಿ ಕೇಳಿದ. ಹೇಗೂ ಕೆಡವುವ ಮನೆ, ಮುದುಕನಿಗೆ ಹೊತ್ತು ಹೋಗುತ್ತದೆ ಎಂದು ಕ್ರೈಟನ್ ಒಪ್ಪಿದ. ಕಾರಣವನ್ನು ಅವನು ಕೇಳಲಿಲ್ಲ, ಎಬನ್ ಹೇಳಲೂ ಇಲ್ಲ. ಆ ಧೈರ್ಯ ಇನ್ನೂ ಬಂದಿರಲಿಲ್ಲ.

ಏಪ್ರಿಲ್ ಪೂರ್ತಿ ಅವನು ತನ್ನ ಕೆಲಸವನ್ನು ತಾನೇ ಕಿತ್ತ. ಏನು ಗಟ್ಟಿ ಅಂತೀರಿ! ಬೇರೆ ಯಾರಾದರೂ ಮಾಡಿದ್ದರೆ ಅರ್ಧ ದಿನದಲ್ಲಿ ಉದುರುತ್ತಿತ್ತು, ಇದು ಎಬನ್ ಲೌನಿಯ ಕೈ. ಅವನು ಹಲ್ಲು ಕಚ್ಚಿ ಒಂದೊಂದು ಚಕ್ಕೆಗೂ ಅರವತ್ತಾರರ ಬೆನ್ನನ್ನು ಬಗ್ಗಿಸಬೇಕಾಯಿತು. ದಾರಿಯಾಚೆಯ ಮಿಲ್‌ಟನ್ ಮನೆಯ ನ್ಯಾನ್ ಗೀಕಿ ದಿನಕ್ಕೆರಡು ಸಲ ಬೇಲಿಗೆ ಒರಗಿ ತಮಾಷೆ ನೋಡುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಬಾಯಿ ಜೋರು.

"ಏನು ಮೇಸ್ತ್ರಿ, ಉಡಿಸಿದ್ದೂ ನೀವೇ ಬಿಚ್ಚೋದೂ ನೀವೇನಾ? ವಿಧವೆ ಮನೆ ಮುಂದೆ ಇದೆಲ್ಲ ಚೆನ್ನಾಗಿರಲ್ಲ!"

"ನಿಮ್ಮನೇಗೂ ಬರ್ತೀನಿ ನ್ಯಾನ್, ಕಾದಿರಿ."

"ಅಯ್ಯೋ, ನಮ್ಮನೆ ಗಟ್ಟಿಯಾಗಿದೆಯಪ್ಪಾ! ನಮ್ಮನೆ ತಂಟೆಗೆ ಬರಬೇಡಿ." ಅವಳು ನಗುತ್ತ ಹೋದಳು.

ಆದರೆ ಸಿಮೆಂಟಿನ ಹಿಂದಿನಿಂದ ಗೋಡೆ ಹೊರಬರುತ್ತ ಹೋದಂತೆ ಎಬನ್ ಸುತ್ತಿಗೆ ಕೆಳಗಿಟ್ಟು ಅದನ್ನೇ ನೋಡತೊಡಗಿದ. ಐವತ್ತು ವರ್ಷ ಇಂಥ ಗೋಡೆಗಳಿಗೆ ತೇಪೆ ಹಾಕಿದ್ದ, ಒಂದನ್ನೂ ಕೂತು ನೋಡಿರಲಿಲ್ಲ. ದೊಡ್ಡ ಕಲ್ಲುಗಳ ಸಂದಿಗಳಲ್ಲಿ ಹೆಬ್ಬೆರಳ ಗಾತ್ರದ ಚೂರುಕಲ್ಲು ತುಂಬಿದ್ದರು. ಒಂದನ್ನು ಎಳೆದು ನೋಡಿದ, ಅದು ಹೊರಮುಖಕ್ಕೆ ಸ್ವಲ್ಪ ಇಳಿಜಾರಾಗಿ ಕೂತಿತ್ತು. ಪಕ್ಕದ್ದನ್ನು ಎಳೆದ, ಅದೂ ಹಾಗೆಯೇ. ಒಂದು ಮೊಳ ಜಾಗದಲ್ಲಿ ನಲವತ್ತು ಚೂರುಗಳಿದ್ದವು, ನಲವತ್ತೂ ಹೊರಕ್ಕೆ ಬಾಗಿದ್ದವು. ಬಿದ್ದ ಮಳೆ ಒಂದೊಂದರ ಬೆನ್ನ ಮೇಲೆ ಜಾರಿ ಹೊರಗೇ ಹೋಗಲಿ ಎಂದು. ಇಡೀ ಮನೆಯಲ್ಲಿ ಅಂಥವು ಎಷ್ಟು ಸಾವಿರವೋ! ಯಾರಿಗೂ ಕಾಣದ ಜಾಗದಲ್ಲಿ, ಯಾರೂ ನೋಡಿ ಹೊಗಳದ ಕಡೆ, ಒಬ್ಬ ಮನುಷ್ಯ ಒಂದೊಂದನ್ನೂ ಬೆರಳಲ್ಲಿ ಒತ್ತಿ ಕೂರಿಸಿದ್ದ. ಪಡುವಣ ಗಾಳಿ ಬಡಿಯುವ ಮೂಲೆಯನ್ನು ಚೂಪಾಗಿ ಬಿಡದೆ ಹಸುವಿನ ಹೆಗಲಿನಂತೆ ದುಂಡಗೆ ತಿರುಗಿಸಿದ್ದ. ಅದೇ ಮೂಲೆಯನ್ನು ಎಬನ್ 1958ರಲ್ಲಿ ಸಿಮೆಂಟು ತುಂಬಿ ನೇರ ಮಾಡಿದ್ದ. ಅಂದು ಅದನ್ನು ನೋಡಿ ತಾನೇ ಬೀಗಿದ್ದೂ ನೆನಪಿಗೆ ಬಂತು.

ಒಂದು ಮಧ್ಯಾಹ್ನ ಮಣ್ಣು ಹುಡುಕುತ್ತ ಮನೆಯ ಹಿಂದಕ್ಕೆ ಹೋದ. ಅಲ್ಲೊಂದು ಒಣ ಗುಂಡಿಯಿತ್ತು, ಎಲ್ಸ್ಪೆತ್‌ಳ ಕೋಳಿಗಳು ಅದರಲ್ಲಿ ಹೊರಳಾಡುತ್ತಿದ್ದವು. ಗುದ್ದಲಿ ಹಾಕಿದರೆ ಸಿಕ್ಕಿದ್ದು ಗೋಡೆಯಲ್ಲಿದ್ದ ಅದೇ ಬೂದುಬಣ್ಣದ ಜೇಡಿ. ಅವನು ಗುಂಡಿಯನ್ನು ಹೆಜ್ಜೆಯಲ್ಲಿ ಅಳೆದ, ಮನೆಯನ್ನೂ ಅಳೆದ, ಗೋಡೆಗಳ ದಪ್ಪವನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿದ. ಸರಿಹೊಂದಿತು. ಇಡೀ ಮನೆ ಆ ಗುಂಡಿಯಿಂದ ಎದ್ದು ಬಂದು ಪಕ್ಕದಲ್ಲಿ ನಿಂತಿತ್ತು. ಮಣ್ಣು ಇಲ್ಲಿಯದು, ಕಲ್ಲು ಎದುರಿನ ತೊರೆಯದು, ಮಾಡಿನ ಹುಲ್ಲು ಗುಡ್ಡದ್ದು. ಗಾಡಿ ಕಟ್ಟಿ ತರಿಸಿದ್ದು ಒಂದೂ ಇರಲಿಲ್ಲ. ಎಬನ್ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟ. ಅವನಿಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಮೇ ತಿಂಗಳಲ್ಲಿ ನಿಜವಾದ ಕಷ್ಟ ಎದುರಾಯಿತು. ಪಡುವಣ ಮೂಲೆಯ ಬುಡ ನೆನೆದು ನೆನೆದು ಗಂಜಿಯಂತಾಗಿತ್ತು. ಎರಡು ಮಾರಿನಷ್ಟು ಗೋಡೆ ತೆಗೆದು ಹೊಸದಾಗಿ ಕಟ್ಟದೆ ಬೇರೆ ದಾರಿಯಿರಲಿಲ್ಲ. ತೆಗೆದರೆ ಮೇಲಿನ ಮಾಡು ಬೀಳುತ್ತದೆ. ಹುಲ್ಲು, ತಗಡು, ತೊಲೆ ಎಲ್ಲ ಸೇರಿ ಹತ್ತು ಗಾಡಿ ಭಾರ. ಎಬನ್ ಆಸರೆ ಕಂಬಗಳನ್ನು ತರಿಸಿ ಒಳಗಿನಿಂದ ತೊಲೆಗಳಿಗೆ ಆನಿಸಿದ. ನಂಬಿಕೆ ಬರಲಿಲ್ಲ.

"ನೀನು ಆಚೆ ರಸ್ತೇಲಿ ನಿಂತ್ಕೋ," ಅಂದ ಎಲ್ಸ್ಪೆತ್‌ಗೆ.

"ನೀವು?"

"ನಾನು ಬಳಿದೋನು. ನಾನು ಇಲ್ಲೇ ಇರ್ತೀನಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದು ಅಲ್ಲೇ ನಿಂತಳು.

ಅವನು ಮೇಲಿನಿಂದ ಒಂದೊಂದೇ ಕಲ್ಲು ತೆಗೆದ. ಪ್ರತಿ ಕಲ್ಲಿಗೂ ಉಸಿರು ಬಿಗಿಹಿಡಿದು ಮಾಡಿನ ಕಡೆ ಕಿವಿಗೊಟ್ಟ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಹೊಟ್ಟೆಯೊಳಗೆ ಸುತ್ತಿಗೆ ಮರಕ್ಕೆ ತಗುಲಿತು. ಮಣ್ಣನ್ನು ಕೈಯಿಂದಲೇ ಬಗೆದ. ಒಳಗೊಂದು ಓಕ್ ಮರದ ದಿಮ್ಮಿ ನಿಂತಿತ್ತು. ಕಂಬವಲ್ಲ, ಬಾಗಿದ ಇಡೀ ಮರ. ಅದರ ಬುಡ ನೆಲಕ್ಕೆ ತಾಗದಂತೆ ಮೊಣಕಾಲೆತ್ತರದ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತಿತ್ತು. ಅಲ್ಲಿಂದ ಅದು ಗೋಡೆಯೊಳಗೇ ಏರಿ, ಒಳಕ್ಕೆ ಬಾಗಿ, ಹಲಗೆಯ ಹಿಂದೆ ಅಡಗಿ, ಮಾಡಿನ ನೆತ್ತಿಯವರೆಗೆ ಹೋಗಿತ್ತು.

ಎಬನ್ ಒಳಗೆ ಓಡಿ, ಎದುರುಗೋಡೆಯ ಹಲಗೆಯೊಂದನ್ನು ಮೀಟಿ ತೆಗೆದ. ಅಲ್ಲಿ ಇದರ ಜೋಡಿ ನಿಂತಿತ್ತು. ಒಂದೇ ಬಾಗಿದ ಮರವನ್ನು ನಡುವೆ ಸೀಳಿ, ಎರಡು ಹೋಳುಗಳನ್ನು ಎದುರುಬದುರು ನಿಲ್ಲಿಸಿ, ನೆತ್ತಿಯಲ್ಲಿ ಮರದ ಬೆಣೆ ಹೊಡೆದು ಕೂಡಿಸಿದ್ದರು. ಅತ್ತ ಎಲ್ಲಿ ಗಂಟಿತ್ತೋ ಇತ್ತ ಅಲ್ಲಿಯೇ ಗಂಟು. ಮೊಳೆಯೊಂದೂ ಇಲ್ಲ. ಅಂಥ ನಾಲ್ಕು ಜೋಡಿ ಮರಗಳು ಮಾಡನ್ನು ಪೂರ್ತಿಯಾಗಿ ಹೊತ್ತುಕೊಂಡಿದ್ದವು. ಗೋಡೆ ಏನನ್ನೂ ಹೊತ್ತಿರಲಿಲ್ಲ. ಮನೆ ಗೋಡೆಯನ್ನು ಅಂಗಿಯಂತೆ ತೊಟ್ಟುಕೊಂಡಿತ್ತು, ಅಷ್ಟೇ. ಹಳತಾದರೆ ತೆಗೆದು ಹೊಸದು ತೊಡಿಸಲಿ ಎಂದೇ ಕಟ್ಟಿದವರು ಹಾಗೆ ಮಾಡಿದ್ದರು.

ಎಬನ್ ಮೂಲೆಗೆ ಬಂದು ಆಸರೆ ಕಂಬಗಳನ್ನು ಒಂದೊಂದಾಗಿ ಕಳಚಿದ. ಎಲ್ಸ್ಪೆತ್ ಬಾಯಿಗೆ ಕೈ ಅಡ್ಡ ಹಿಡಿದಳು. ಮೂಲೆಯಲ್ಲಿ ಗೋಡೆಯೇ ಇಲ್ಲ, ಒಂದು ಹಸು ನುಗ್ಗುವಷ್ಟು ಬಯಲು, ಅದರ ಮೇಲೆ ಮಾಡು ನಿಂತಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಗೂಡಿನಲ್ಲಿದ್ದ ಗುಬ್ಬಿ ಕೂಡ ಹಾರಲಿಲ್ಲ.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಚರ್ಚಿನಲ್ಲಿ ಎಷ್ಟೋ ಭಾನುವಾರ ಹಾಗೆ ನಿಂತಿದ್ದಾನೆ, ಆದರೆ ಆಗೆಲ್ಲ ಮನಸ್ಸು ಊಟದ ಕಡೆ ಇರುತ್ತಿತ್ತು. ಈಗ ಮೈಯೆಲ್ಲ ಜುಮ್ಮೆಂದಿತ್ತು. ಕಾಗದ ನೋಡದವನು, ಅಳತೆಪಟ್ಟಿ ಹಿಡಿಯದವನು, ಹೆಸರು ಬರೆಯಲು ಬರುತ್ತಿತ್ತೋ ಇಲ್ಲವೋ, ಅಂಥವನೊಬ್ಬ ತಾನು ಸತ್ತು ನೂರಾರು ವರ್ಷದ ಮೇಲೆ ಇನ್ನೊಬ್ಬ ಬಂದು ಈ ಮೂಲೆಯನ್ನು ಬಿಚ್ಚಬೇಕಾಗಬಹುದು ಎಂದು ಯೋಚಿಸಿದ್ದ. ಅವನ ತಲೆಯ ಮೇಲೆ ಮಾಡು ಬೀಳದಿರಲಿ ಎಂದು ನೋಡಿಕೊಂಡಿದ್ದ. ಎಂಥ ಕೈ! ಆ ಕೈಯ ಮುಂದೆ ತನ್ನದೇನು?

"ಏನಾಯ್ತು ಮೇಸ್ತ್ರಿ? ಅಳ್ತಿದೀರಾ?"

"ಸುಣ್ಣದ ಧೂಳು," ಅಂದ ಎಬನ್. ಅಲ್ಲಿ ಸುಣ್ಣ ಇನ್ನೂ ಬಂದೇ ಇರಲಿಲ್ಲ.

ಆ ಬೇಸಿಗೆ ಇಬ್ಬರೂ ಸೇರಿ ಗುಂಡಿಯ ಜೇಡಿ ಅಗೆದು, ಹುಲ್ಲು ಬೆರೆಸಿ, ಬರಿಗಾಲಲ್ಲಿ ತುಳಿದು, ಮೂಲೆಯನ್ನು ಮತ್ತೆ ಕಟ್ಟಿದರು. ಚೂರುಕಲ್ಲುಗಳನ್ನು ಹೊರಕ್ಕೆ ಬಾಗಿಸಿ ಕೂರಿಸುವುದನ್ನು ಎಬನ್ ಆ ಹಳೆಯವನಿಂದ ಕಲಿತ. ಮೊದಮೊದಲು ಅವನದು ಸರಿಬರುತ್ತಿರಲಿಲ್ಲ. ಪಕ್ಕದ ಹಳೆಯ ಗೋಡೆ ನೋಡಿ, ಕಿತ್ತು, ಮತ್ತೆ ಕೂರಿಸಿದ. ಒಂದು ಕಲ್ಲನ್ನು ಕೈಯಲ್ಲಿ ನಾಲ್ಕು ಸಲ, ಐದು ಸಲ ತಿರುಗಿಸುತ್ತಿದ್ದ. ಬೇಲಿಯಾಚೆಯಿಂದ ನೋಡಿದವರು ಮೇಸ್ತ್ರಿಗೆ ಮುಪ್ಪು ಬಂತು ಅಂದರು. ಗಾಳಿ ಒಳ್ಳೆಯದಿತ್ತು. ಗೋಡೆ ಮೊದಲು ಬೆವರಿತು, ಆಮೇಲೆ ಬಣ್ಣ ತಿಳಿಯಾಯಿತು, ಆಗಸ್ಟಿನಲ್ಲಿ ಸುಣ್ಣ ಬಳಿಯುವ ಹದಕ್ಕೆ ಬಂತು. ಎಲ್ಸ್ಪೆತ್ ತಲೆಗೆ ಬಟ್ಟೆ ಬಿಗಿದು ಬ್ರಷ್ ಹಿಡಿದಳು.

ಅಕ್ಟೋಬರಿನಲ್ಲಿ ಕ್ರೈಟನ್ ಮತ್ತು ಇನ್ಸ್‌ಪೆಕ್ಟರು ಮತ್ತೆ ಬಂದರು. ಇನ್ಸ್‌ಪೆಕ್ಟರು ಕೋಣೆಯ ಮೂಲೆ ಮೂಲೆ ಒತ್ತಿ ನೋಡಿದರು. ಹೊಸ ಹಲಗೆಯ ಸಂದಿಯಲ್ಲಿ ಬೆರಳು ತೂರಿಸಿ ಮುಟ್ಟಿದರು. ಗೋಡೆಯ ಎದೆಯಲ್ಲಿ ಇನ್ನೂ ಹಸಿಯಿದೆ, ಪೂರ್ತಿ ಒಣಗಲು ಇನ್ನೊಂದು ವರ್ಷ ಬೇಕು ಎಂದು ಎಬನ್ ತಾನಾಗಿ ಹೇಳಿದ. ಅವರು ಬಾಗುಮರದ ಮುಂದೆ ಬಹಳ ಹೊತ್ತು ನಿಂತು, "ಇದನ್ನ ಕಟ್ಟಿದೋರು ಯಾರು?" ಅಂದರು.

"ಗೊತ್ತಿಲ್ಲ," ಅಂದ ಕ್ರೈಟನ್. "ಕಚೇರೀಲಿ ಎಲ್ಲೂ ಹೆಸರಿಲ್ಲ."

"ಗೋಡೆ ಚೆನ್ನಾಗಿದೆ, ಮನೆ ಉಳೀಬಹುದು ಅಂತ ಬರೀತೀನಿ. ಆದ್ರೆ ಮಾರ್ಚಿನಲ್ಲಿ ಯಾಕೆ ಹಾಗೆ ನೆಂದಿತ್ತು ಅಂತಲೂ ಬರೀಬೇಕಲ್ಲ. ಏನಂತ ಬರೀಲಿ?"

ಕ್ರೈಟನ್ ಎಬನ್‌ನ ಕಡೆ ನೋಡಿದ. ಎಲ್ಸ್ಪೆತ್ ನೋಡಲಿಲ್ಲ. ಅವಳು ಕಿಟಕಿಯಾಚೆ ಕೋಳಿಗಳನ್ನೇ ನೋಡುತ್ತಿದ್ದಳು. ಮೇಸ್ತ್ರಿ ಏನು ಹೇಳಿದರೂ ಅವಳ ಮನೆ ಅವಳಿಗೆ ಸಿಕ್ಕಿಯಾಗಿತ್ತು. ಮಳೆ ಜಾಸ್ತಿಯಾಗಿತ್ತು, ತಗಡು ಸೋರುತ್ತಿತ್ತು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಾನು ಸಿಮೆಂಟು ಹಾಕಿದ್ದಕ್ಕೆ ನೆಂದಿತು ಸಾರ್," ಅಂದ ಎಬನ್. "ಮಾರ್ಚಿನಲ್ಲಿ ಸುಳ್ಳು ಹೇಳಿದೆ. ನನ್ನ ಹೆಸರು ಹಾಕಿ ಬರೀರಿ. ಎಬನೇಜರ್ ಲೌನಿ. ಹೆಸರು ಪೂರ್ತಿ ಇರ್ಲಿ."

"ಲೌನಿ," ಅಂದ ಕ್ರೈಟನ್ ಮೆಲ್ಲಗೆ, "ಇದನ್ನ ಬರೆಸಿದ್ರೆ ಉಳಿದ ಇಪ್ಪತ್ತೆರಡು ಮನೆ ಕತೆ ಏನು? ಅವರು ಯಾರೂ ದೂರು ಕೊಟ್ಟಿಲ್ಲ. ಒಬ್ಬರೂ ಕೊಟ್ಟಿಲ್ಲ."

ಎಬನ್‌ಗೆ ಆ ಮಾತು ಚುಚ್ಚಿತು. ಹದಿನಾರು ವರ್ಷ ಎಲ್ಸ್ಪೆತ್ ಕೂಡ ದೂರು ಕೊಟ್ಟಿರಲಿಲ್ಲ.

ಸುದ್ದಿ ಎರಡೇ ದಿನದಲ್ಲಿ ಕಣಿವೆಯ ತುದಿ ಮುಟ್ಟಿತು. ಗಂಡಸರು ಹೋಟೆಲಿನಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕರು. ಎಬನ್ ಲೌನಿಯಂಥ ಮೇಸ್ತ್ರಿ ಮುಂದೆ ಹುಟ್ಟುವುದಿಲ್ಲ, ದೇವರು ದೊಡ್ಡವನು, ಅಂದರು. ಎಬನ್ ಅವರ ಎದುರಿಗೇ ಹಾದು ಹೋದ. ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಮಿಲ್‌ಟನ್ ಮನೆಯ ಕದ ತಟ್ಟಿದ.

ನ್ಯಾನ್ ಗೀಕಿ ಕದವನ್ನು ಅಂಗೈಯಗಲ ತೆರೆದು, ಅದರ ಸಂದಿಯಲ್ಲೇ ಮೈ ತುಂಬಿ ನಿಂತಳು. ಯಾವತ್ತೂ ಹಾಗೆಯೇ ನಿಲ್ಲುತ್ತಾಳೆಂದು ಎಬನ್‌ಗೆ ಈಗ ಹೊಳೆಯಿತು.

"ನಮ್ಮನೆ ಗಟ್ಟಿಯಾಗಿದೆ ಅಂತ ಹೇಳಿದ್ನಲ್ಲ ಮೇಸ್ತ್ರಿ? ಬೇರೆ ಕಡೆ ಹೋಗಿ ನಗಿಸಿ, ಹೋಗಿ."

"ನ್ಯಾನ್, ಹಾಸಿಗೆ ಹಿಂದಿನ ಗೋಡೆ ಕಪ್ಪಾಗಿದೆಯಾ?"

ಅವಳ ಮುಖದ ನಗು ಹಾಗೇ ನಿಂತಿತು. ರಸ್ತೆಯ ಆ ಕಡೆ, ಈ ಕಡೆ ನೋಡಿದಳು. ಅವಳ ಆ ದೊಡ್ಡ ಬಾಯಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಎಬನ್ ಹಿಂದೆಂದೂ ಕೇಳಿರಲಿಲ್ಲ.

"ಯಾರು ಹೇಳಿದ್ರು ನಿಮಗೆ? ದಿನಾ ಉಜ್ಜುತೀನಿ ಮೇ‌ಸ್ತ್ರಿ. ದೇವರಾಣೆಗೂ ದಿನಾ ಉಜ್ಜುತೀನಿ."

"ಗೊತ್ತು ಕಣಮ್ಮ," ಅಂದ ಎಬನ್. ಚೀಲ ಕೆಳಗಿಟ್ಟು, ಹೊಸ್ತಿಲ ಪಕ್ಕ ಮಂಡಿಯೂರಿ, ಉಳಿ ಹೊರತೆಗೆದ.